ಗುಂಡು ಹುಡುಕಲು ಹೊರಟ ಟೆಲಿಫೋನ್

ಅಲೆಕ್ಸಾಂಡರ್ ಗ್ರಹಾಂ ಬೆಲ್ ಎಂದರೆ ಟೆಲಿಫೋನ್. ಪ್ರಾಥಮಿಕ ಶಾಲೆಯಿಂದಲೂ ನಾವು ಬಾಯಿಪಾಠ ಮಾಡಿರುವುದು ಅಷ್ಟೇ. ಲೋಹಶೋಧಕದ ಮೊದಲ ದಿನಗಳಲ್ಲೂ ಅವರ ಹೆಸರಿದೆ ಎಂದು ಯಾವ ಪ್ರಶ್ನೆಪತ್ರಿಕೆಯೂ ಕೇಳುವುದಿಲ್ಲ. ದ್ವಿತೀಯ ಪಿಯುಸಿ ವಿಜ್ಞಾನದವರು ಓದುವ ವಿದ್ಯುತ್ಕಾಂತೀಯ ಪ್ರೇರಣೆಯನ್ನು ನಂಬಿಕೊಂಡು ಬೆಲ್ ಒಮ್ಮೆ ಒಂದು ಜೀವ ಉಳಿಸಲು ಹೊರಟಿದ್ದರು.

ಬೆಲ್ ಹುಟ್ಟಿದ್ದು 1847ರ ಮಾರ್ಚ್ 3ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ತಂದೆ ಉಚ್ಚಾರಣೆ ಕಲಿಸುವ ಶಿಕ್ಷಕರು. ಇಬ್ಬರು ಸಹೋದರರು ಕ್ಷಯರೋಗದಿಂದ ತೀರಿಕೊಂಡ ಮೇಲೆ, 1870ರಲ್ಲಿ, ಉಳಿದವರು ಕೆನಡಾಕ್ಕೆ ಹೋಗಿ ನೆಲೆಸಿದರು. ಮರುವರ್ಷ ಬೆಲ್ ಬಾಸ್ಟನ್‌ನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳತೊಡಗಿದರು. 1876ರಲ್ಲಿ ಟೆಲಿಫೋನಿನ ಪೇಟೆಂಟ್ ಸಿಕ್ಕಿತು. 1877ರಲ್ಲಿ ಅವರು ಮದುವೆಯಾದ ಮೇಬಲ್, ಬಾಲ್ಯದಲ್ಲಿ ಬಂದ ಜ್ವರದಿಂದ ಶ್ರವಣಶಕ್ತಿ ಕಳೆದುಕೊಂಡವರು. 1880ರಲ್ಲಿ ಫ್ರಾನ್ಸ್ ಸರ್ಕಾರ ಕೊಟ್ಟ ವೋಲ್ಟಾ ಬಹುಮಾನದ 50,000 ಫ್ರಾಂಕ್ ಹಣದಲ್ಲಿ ಅವರು ವಾಷಿಂಗ್ಟನ್‌ನಲ್ಲಿ ಪ್ರಯೋಗಾಲಯ ನಡೆಸಿದರು.

1881ರ ಜುಲೈ 2ರಂದು ಅದೇ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಒಂದು ಗುಂಡು ತೋಳನ್ನು ಸವರಿ ಹೋಯಿತು, ಇನ್ನೊಂದು ಬೆನ್ನಿನಿಂದ ಒಳಹೊಕ್ಕು ಅಲ್ಲೇ ಉಳಿಯಿತು. ಎಕ್ಸ್-ರೇ ಬರಲು ಇನ್ನೂ 14 ವರ್ಷವಿತ್ತು. ಗುಂಡು ಎಲ್ಲಿದೆಯೆಂದು ತಿಳಿಯಲು ವೈದ್ಯರು ತೊಳೆಯದ ಬೆರಳು, ಶುಚಿ ಮಾಡದ ಸಲಾಕೆಗಳನ್ನು ಗಾಯದೊಳಗೆ ತೂರಿಸುತ್ತಿದ್ದರು. ಸುದ್ದಿ ಓದಿದ 34 ವರ್ಷದ ಬೆಲ್‌ಗೆ, ಚರ್ಮ ಕೊಯ್ಯದೆಯೇ ಗುಂಡನ್ನು ಪತ್ತೆಹಚ್ಚಬಹುದಲ್ಲ ಎನಿಸಿತು. ಟೆಲಿಫೋನ್ ತಂತಿಗಳಲ್ಲಿ ಬರುವ ಬೇಡದ ಸದ್ದನ್ನು ಅಡಗಿಸಲು ಹೆಣಗುತ್ತಿದ್ದಾಗ ಕಲಿತ ವಿದ್ಯೆಯೊಂದು ಅವರ ಕೈಯಲ್ಲಿತ್ತು. ಲಂಡನ್ನಿನ ಡೇವಿಡ್ ಹ್ಯೂಸ್ ಕೂಡ 1879ರಲ್ಲಿ ಇಂಥದೇ ಒಂದು ಸಾಧನ ಮಾಡಿದ್ದರು.

ಅದರ ತತ್ತ್ವ ಕಷ್ಟದ್ದೇನಲ್ಲ. ತಂತಿಯ ಒಂದು ಸುರುಳಿಯಲ್ಲಿ ತಡೆತಡೆದು ಹರಿಯುವ ವಿದ್ಯುತ್ತು ಪಕ್ಕದ ಸುರುಳಿಯಲ್ಲೂ ವಿದ್ಯುತ್ತನ್ನು ಪ್ರೇರೇಪಿಸುತ್ತದೆ. ಎರಡನ್ನೂ ಹದವಾಗಿ ಒಂದರ ಮೇಲೊಂದು ಸ್ವಲ್ಪ ಸರಿಸಿಟ್ಟರೆ ಆ ಪ್ರೇರಣೆ ತನ್ನನ್ನು ತಾನೇ ರದ್ದು ಮಾಡಿಕೊಂಡು, ಎರಡನೆಯದಕ್ಕೆ ಜೋಡಿಸಿದ ಟೆಲಿಫೋನಿನ ಕೇಳುಕೊಳವೆ ಮೌನವಾಗುತ್ತದೆ. ಹತ್ತಿರಕ್ಕೆ ಲೋಹ ಬಂದರೆ ಸಮತೋಲ ಕೆಟ್ಟು ಗುಂಯ್ ಎಂಬ ಸದ್ದು ಕೇಳುತ್ತದೆ. ಬೆಳ್ಳಿ, ತಾಮ್ರಕ್ಕೆ ಜೋರಾಗಿ ಕೇಳುವ ಸದ್ದು ಸೀಸಕ್ಕೆ ಕ್ಷೀಣ. ಗಾರ್ಫೀಲ್ಡ್ ದೇಹದಲ್ಲಿದ್ದದ್ದು ಸೀಸದ ಗುಂಡು.

ಹಾಗಾಗಿ ಬೆಲ್ ಮತ್ತು ಅವರ ಸಹಾಯಕ ಟೇಂಟರ್ ಅಭ್ಯಾಸಕ್ಕೆ ಕೂತರು. ನನಗೆ ಈ ಜೀವನಚರಿತ್ರೆಯಲ್ಲಿ ಟೆಲಿಫೋನಿಗಿಂತ ಇಷ್ಟವಾದ ಭಾಗ ಇದು. ಗುಂಡನ್ನು ಮುಷ್ಟಿಯಲ್ಲಿ ಬಚ್ಚಿಟ್ಟು ಹುಡುಕಿದರು. ದೇಹದಂತಿರಲಿ ಎಂದು ಒದ್ದೆ ಬೂಸಾ ತುಂಬಿದ ಚೀಲದಲ್ಲಿ, ಆಮೇಲೆ ಮಾಂಸದ ತುಂಡಿನಲ್ಲಿ ಹುದುಗಿಸಿ ಹುಡುಕಿದರು. ಅಂತರ್ಯುದ್ಧದಲ್ಲಿ ಗುಂಡು ತಿಂದು ಅದನ್ನು ದೇಹದಲ್ಲೇ ಹೊತ್ತು ಬದುಕಿದ್ದ ಹಳೆಯ ಸೈನಿಕರನ್ನೂ ಕರೆಸಿ ಪರೀಕ್ಷಿಸಿದರು. ಪ್ರತಿ ಸಲವೂ ಒಂದೆರಡು ಅಂಗುಲ ಹೆಚ್ಚು ಆಳಕ್ಕೆ ಕೇಳಿಸಬೇಕೆಂಬ ಹಟ. ಕೆಪಾಸಿಟರ್ ಸೇರಿಸಿದರೆ ಸದ್ದು ಸ್ಪಷ್ಟವಾಗುತ್ತದೆಂದು ಪ್ರೊಫೆಸರ್ ರೋಲೆಂಡ್ ಸೂಚಿಸಿದಾಗ ಅದನ್ನೂ ಸೇರಿಸಿದರು.

ಜುಲೈ 26ರ ಸಂಜೆ ಶ್ವೇತಭವನಕ್ಕೆ ಯಂತ್ರ ಬಂತು. ಟೆಲಿಫೋನಿನಲ್ಲಿ ಬರೀ ಚಟಪಟ ಸದ್ದು. ಆಮೇಲೆ ನೋಡಿದರೆ ಆ ಕೆಪಾಸಿಟರನ್ನೇ ತಪ್ಪಾಗಿ ಜೋಡಿಸಿದ್ದರು. ಆಗಸ್ಟ್ 1ರಂದು ಮತ್ತೆ ಬಂದಾಗ ಜೋಡಣೆ ಸರಿಯಿತ್ತು, ಆದರೆ ಒಂದು ಬಿಂದುವಿನಲ್ಲಿ ಕೇಳಬೇಕಾದ ಸದ್ದು ಅಗಲಕ್ಕೆ ಹರಡಿಕೊಂಡು ಮೆಲ್ಲಗೆ ಕೇಳಿಸಿತು. ಮುಖ್ಯ ವೈದ್ಯ ಬ್ಲಿಸ್ ಗುಂಡು ಬಲಗಡೆಯೇ ಇದೆಯೆಂದು ಮೊದಲೇ ತೀರ್ಮಾನಿಸಿದ್ದರು. ಬೆಲ್‌ಗೆ ಹುಡುಕಲು ಬಿಟ್ಟದ್ದೂ ಬಲಗಡೆ ಮಾತ್ರ.

ಮರುದಿನ ವಿಚಾರಿಸಿದಾಗ ಕುದುರೆಕೂದಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇದ್ದದ್ದು ತಿಳಿಯಿತು. ಆ ಮಂಚವೇ ಎಲ್ಲ ಕೆಡಿಸಿತು ಎಂದು ಹೆಚ್ಚಿನ ಪುಸ್ತಕಗಳು ಇಲ್ಲಿಗೆ ಕಥೆ ಮುಗಿಸುತ್ತವೆ. ಬೆಲ್ ಮುಗಿಸಲಿಲ್ಲ. ಅಂಥದೇ ಹಾಸಿಗೆ ತರಿಸಿ ನೋಡಿ, ಸದ್ದು ಬಂದ ಜಾಗ ಇಡೀ ಹಾಸಿಗೆಗೆ ಹೋಲಿಸಿದರೆ ತೀರಾ ಚಿಕ್ಕದು, ಆದ್ದರಿಂದ ತಂತಿಯಿಂದ ಅಡ್ಡಿಯಾಗಿರಲಾರದು ಎಂದು 1882ರಲ್ಲಿ ವಿಜ್ಞಾನಿಗಳ ಸಭೆಗೆ ವರದಿ ಕೊಟ್ಟರು. ಕಾರಣ ಶವಪರೀಕ್ಷೆಯಲ್ಲಿ ಸಿಕ್ಕಿತ್ತು. ಸೆಪ್ಟೆಂಬರ್ 19ರಂದು, ಗುಂಡೇಟು ಬಿದ್ದ 79ನೇ ದಿನ, ಗಾರ್ಫೀಲ್ಡ್ ತೀರಿಕೊಂಡಿದ್ದರು. ಗುಂಡು ಎಡಗಡೆ, ಮೇದೋಜೀರಕ ಗ್ರಂಥಿಯ ಹಿಂದೆ, ಯಂತ್ರಕ್ಕೆ ಎಟುಕದಷ್ಟು ಆಳದಲ್ಲಿತ್ತು. ಅವರನ್ನು ಕೊಂದದ್ದು ಗುಂಡಿಗಿಂತ ಹೆಚ್ಚಾಗಿ ಗಾಯಕ್ಕೆ ತಗುಲಿದ ನಂಜು ಎಂದು ಇಂದಿನ ವೈದ್ಯರು ಹೇಳುತ್ತಾರೆ. ನೆಪ ಹೇಳಲು ಮಂಚವೊಂದು ಸಿದ್ಧವಾಗಿ ಸಿಕ್ಕಿದ್ದರೂ ಅದನ್ನು ಬಳಸದ ಈ ವರದಿಯನ್ನು ನಮ್ಮ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವಾಗ ನೆನೆಯಬಹುದು. ಉತ್ತರ ಬರದಿದ್ದರೆ ನಾವು ದೂರುವುದು ಸಾಮಾನ್ಯವಾಗಿ ಮೀಟರನ್ನು!

ಲೋಹಶೋಧಕದ ಹವ್ಯಾಸಿಗಳು ಇವತ್ತಿಗೂ ಬೆಲ್ ಮಾಡಿದ್ದನ್ನೇ ತಮ್ಮ ಹಿತ್ತಲಲ್ಲಿ ಮಾಡುತ್ತಾರೆ. ನಾಣ್ಯ, ಮೊಳೆ, ಬಾಟಲಿ ಮುಚ್ಚಳಗಳನ್ನು 2, 4, 6 ಅಂಗುಲ ಆಳದಲ್ಲಿ ಹೂತು, ಜಾಗ ಗುರುತಿಟ್ಟು, ಯಾವುದಕ್ಕೆ ಯಾವ ಸದ್ದು, ಎಷ್ಟು ಆಳಕ್ಕೆ ಸದ್ದು ನಿಲ್ಲುತ್ತದೆ ಎಂದು ಬರೆದಿಡುತ್ತಾರೆ. ನಾಣ್ಯದ ಪಕ್ಕದಲ್ಲೇ ಮೊಳೆ ಹೂತರೆ ಕಿವಿಗೆ ನಿಜವಾದ ಪರೀಕ್ಷೆ. ಸದ್ದು ನಿಂತ ಆಳದಾಚೆಗೆ ಯಂತ್ರ ಏನಿಲ್ಲ ಎಂದರೆ, ಅಲ್ಲಿ ಏನೂ ಇಲ್ಲ ಎಂದು ಅರ್ಥವಲ್ಲ.

ಆ ಬೇಸಿಗೆ ಬೆಲ್‌ಗೆ ಮನೆಯಲ್ಲೂ ಕೆಟ್ಟದಾಗಿತ್ತು. ಆಗಸ್ಟ್ 15ರಂದು ಹುಟ್ಟಿದ ಗಂಡುಮಗು ಉಸಿರಾಡಲಾರದೆ ಕೆಲವೇ ಗಂಟೆಗಳಲ್ಲಿ ತೀರಿಕೊಂಡಿತು. ಬೆಲ್ ಉಸಿರಾಟಕ್ಕೆ ನೆರವಾಗುವ ಒಂದು ಕವಚದ ಕೆಲಸಕ್ಕೆ ಕೈಹಾಕಿದರು. ಗುಂಡು ಹುಡುಕುವುದನ್ನೂ ಬಿಡಲಿಲ್ಲ. ಟೆಲಿಫೋನಿಗೆ ಜೋಡಿಸಿದ ಸೂಜಿಯನ್ನು ಗಾಯದೊಳಗೆ ಇಳಿಸಿದಾಗ, ಲೋಹಕ್ಕೆ ತಾಗಿದ ಕೂಡಲೇ ಟಿಕ್ ಎನ್ನುವ ಸಾಧನ ಮಾಡಿದರು. ಎಕ್ಸ್-ರೇ ಬರುವ ತನಕ ಅದು ಶಸ್ತ್ರವೈದ್ಯರ ಕೈಯಲ್ಲಿತ್ತು.

ಬೆಲ್ 1922ರ ಆಗಸ್ಟ್ 2ರಂದು ಕೆನಡಾದ ನೋವಾ ಸ್ಕೋಷಿಯಾದ ತಮ್ಮ ಮನೆಯಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಯ ಹೊತ್ತಿಗೆ ಉತ್ತರ ಅಮೆರಿಕದ ಟೆಲಿಫೋನುಗಳನ್ನು ಒಂದು ನಿಮಿಷ ಸ್ತಬ್ಧಗೊಳಿಸಲಾಗಿತ್ತು.