ಕ್ಲಿಂಟನ್ ಡೇವಿಸನ್: ಒಡೆದ ಗಾಜು ತೋರಿದ ದಾರಿ

ವಿದ್ಯೆಯು ಹಣವುಳ್ಳವರ ಸೊತ್ತೆಂದು ನಿರಾಶರಾಗುವ ತರುಣರು ನಮ್ಮಲ್ಲಿ ಕಡಿಮೆಯಿಲ್ಲ. ಹಗಲೆಲ್ಲ ದುಡಿದು ರಾತ್ರಿಶಾಲೆಯಲ್ಲಿ ಪುಸ್ತಕ ಬಿಡಿಸುವ ಬಂಧುಗಳೂ, ಕಚೇರಿಯ ಕಡತಗಳ ನಡುವೆ ಪರೀಕ್ಷೆಗೆ ಓದುವ ಗುಮಾಸ್ತರೂ ಅಮೆರಿಕೆಯ ಭೌತವಿಜ್ಞಾನಿ ಕ್ಲಿಂಟನ್ ಜೋಸೆಫ್ ಡೇವಿಸನ್ನರ ಚರಿತ್ರೆಯನ್ನು ಒಮ್ಮೆ ಅವಶ್ಯವಾಗಿ ಅರಿಯಬೇಕು. ಎಲೆಕ್ಟ್ರಾನ್ ಎಂಬ ಅತಿಸೂಕ್ಷ್ಮ ವಸ್ತುವು ಕಣ ಮಾತ್ರವಲ್ಲ, ಅಲೆಯೂ ಹೌದೆಂಬುದನ್ನು ಲೋಹದ ಮೇಲ್ಮೈಯಲ್ಲಿ ಪ್ರತ್ಯಕ್ಷ ತೋರಿಸಿದ ಮಹನೀಯರು ಇವರು. ಮೊದಲ ಪದವಿ ಕೈಗೂಡಲು ಇವರಿಗೆ ಆರು ವರ್ಷ ಹಿಡಿಯಿತು. ನೊಬೆಲ್ ಪಾರಿತೋಷಕ ದೊರೆತಾಗ ವಯಸ್ಸು ಐವತ್ತಾರು.

ಡೇವಿಸನ್ನರು 1881ನೆಯ ಅಕ್ಟೋಬರ್ 22ರಂದು ಇಲಿನಾಯ್ ಸಂಸ್ಥಾನದ ಬ್ಲೂಮಿಂಗ್ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜೋಸೆಫ್, ಮನೆಗಳಿಗೆ ಬಣ್ಣ ಬಳಿಯುವ ಮತ್ತು ಗೋಡೆಗಳಿಗೆ ಅಲಂಕಾರದ ಕಾಗದ ಅಂಟಿಸುವ ಕಸುಬಿನವರು. ತಾಯಿ ಮಾರ್ಥಾ ಶಾಲೆಯ ಉಪಾಧ್ಯಾಯಿನಿ. ಮಗನು ಹೈಸ್ಕೂಲು ಮುಗಿಸಿದ್ದು 1902ರಲ್ಲಿ, ಇಪ್ಪತ್ತು ವರ್ಷ ತುಂಬಿದ ಮೇಲೆ. ಗಣಿತ ಮತ್ತು ಭೌತವಿಜ್ಞಾನಗಳಲ್ಲಿ ತೋರಿದ ಜಾಣ್ಮೆಗಾಗಿ ದೊರೆತ ವಿದ್ಯಾರ್ಥಿವೇತನದ ಬಲದಿಂದ ಶಿಕಾಗೊ ವಿಶ್ವವಿದ್ಯಾನಿಲಯವನ್ನು ಸೇರಿದರು. ಅಲ್ಲಿ ರಾಬರ್ಟ್ ಮಿಲಿಕನ್ನರಂಥ ಗುರುಗಳು ಲಭಿಸಿದರು. ಆದರೆ ಒಂದೇ ವರ್ಷದಲ್ಲಿ ಕೈ ಬರಿದಾಯಿತು. ಓದು ನಿಲ್ಲಿಸಿ ಊರಿಗೆ ಮರಳಿ ಟೆಲಿಫೋನ್ ಕಂಪನಿಯೊಂದರಲ್ಲಿ ಕೆಲಸಕ್ಕೆ ನಿಂತರು.

ಗುರುಗಳು ಶಿಷ್ಯನನ್ನು ಮರೆಯಲಿಲ್ಲ. ಮಿಲಿಕನ್ನರ ಶಿಫಾರಸಿನಿಂದ 1904ರ ಜನವರಿಯಲ್ಲಿ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಅದೇ ವರ್ಷ ಶಿಕಾಗೊಗೆ ಮರಳಿ ಓದು ಮುಂದುವರಿಸಿದರೂ 1905ರಲ್ಲಿ ಮತ್ತೆ ಅದನ್ನು ಬಿಡಬೇಕಾಯಿತು. ಆಗಲೂ ಮಿಲಿಕನ್ನರೇ ದಾರಿ ತೋರಿದರು. ಪ್ರಿನ್ಸ್‌ಟನ್ನಿನಲ್ಲಿ ಅರೆಕಾಲದ ಬೋಧಕ ವೃತ್ತಿ ದೊರೆಯಿತು. ಅಲ್ಲಿ ದುಡಿಯುತ್ತ, ಬೇಸಗೆಯ ರಜೆಗಳಲ್ಲಿ ಮಾತ್ರ ಶಿಕಾಗೊಗೆ ಹೋಗಿ ಓದುತ್ತ, 1908ರಲ್ಲಿ ಪದವೀಧರರಾದರು. 1911ರಲ್ಲಿ ಓವೆನ್ ರಿಚರ್ಡ್‌ಸನ್ನರ ಮಾರ್ಗದರ್ಶನದಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿ, ಅದೇ ವರ್ಷ ಆ ಗುರುಗಳ ತಂಗಿ ಶಾರ್ಲಟ್ಟರ ಕೈಹಿಡಿದರು.

ಮುಂದಿನ ಆರು ವರ್ಷ ಪಿಟ್ಸ್‌ಬರ್ಗಿನ ಕಾರ್ನೆಗಿ ವಿದ್ಯಾಸಂಸ್ಥೆಯಲ್ಲಿ ಕಳೆದುವು. ಪಾಠದ ಹೊರೆ ಹೆಚ್ಚು; ಸಂಶೋಧನೆಗೆ ಬಿಡುವು ಅತ್ಯಲ್ಪ. 1917ರಲ್ಲಿ ಯುದ್ಧಸೇವೆಗೆ ಹೆಸರು ಕೊಡಹೋದರೆ ಸೈನ್ಯವೂ ಇವರನ್ನು ತೆಗೆದುಕೊಳ್ಳಲಿಲ್ಲ. ಆಗ ನ್ಯೂಯಾರ್ಕಿನ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರಿಂಗ್ ವಿಭಾಗವನ್ನು ಯುದ್ಧಕಾಲದ ಕೆಲಸಕ್ಕೆಂದು ಸೇರಿದರು. ಯುದ್ಧ ಮುಗಿದ ಮೇಲೆ ಕಾರ್ನೆಗಿಯವರು ಬಡ್ತಿ ಕೊಟ್ಟು ಕರೆದರೂ ಹೋಗಲಿಲ್ಲ. ಸಂಶೋಧನೆಗೆ ಅವಕಾಶವಿದ್ದ ಈ ಸ್ಥಳವೇ ಅವರಿಗೆ ಹಿತವಾಯಿತು. ಈ ವಿಭಾಗವೇ 1925ರಲ್ಲಿ ಬೆಲ್ ಟೆಲಿಫೋನ್ ಪ್ರಯೋಗಶಾಲೆಯೆಂಬ ಹೆಸರು ತಳೆಯಿತು.

ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಎಲೆಕ್ಟ್ರಾನುಗಳನ್ನು ಹಾರಿಸಿ, ಅವು ನಿಕಲ್ ಲೋಹದ ತುಂಡಿಗೆ ತಗುಲಿ ಯಾವ ಯಾವ ದಿಕ್ಕಿಗೆ ಪುಟಿಯುತ್ತವೆಂದು ಅಳೆಯುವುದು ಡೇವಿಸನ್ನರು ಕೈಗೊಂಡ ಕಾರ್ಯ. ಮೊದಲು ಕುನ್ಸ್‌ಮನ್, ಅನಂತರ ಲೆಸ್ಟರ್ ಜರ್ಮರ್ ಎಂಬವರು ಜೊತೆಗಾರರಾದರು. ವರ್ಷಗಳುರುಳಿದರೂ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ.

1925ನೆಯ ಫೆಬ್ರವರಿ 5ರಂದು ಅನಾಹುತವೊಂದು ನಡೆಯಿತು. ಪ್ರಯೋಗಶಾಲೆಯಲ್ಲಿ ದ್ರವವಾಯುವಿನ ಸೀಸೆ ಸಿಡಿದು ಕೊಳವೆ ಒಡೆಯಿತು. ಒಳನುಗ್ಗಿದ ಗಾಳಿಯಿಂದ ಬಿಸಿಯಾಗಿದ್ದ ನಿಕಲ್ಲಿನ ಮೇಲೆ ಆಕ್ಸೈಡಿನ ದಪ್ಪ ಪೊರೆ ಕಟ್ಟಿತು. ಸಾಮಾನ್ಯರಾದರೆ ಆ ತುಂಡನ್ನು ಎಸೆದು ಕೈತೊಳೆದುಕೊಳ್ಳುತ್ತಿದ್ದರು. ಇವರು ಹಾಗೆ ಮಾಡದೆ, ಕೊಳವೆಯನ್ನು ದುರಸ್ತಿಗೊಳಿಸಿ, ಜಲಜನಕದಲ್ಲಿಯೂ ನಿರ್ವಾತದಲ್ಲಿಯೂ ಲೋಹವನ್ನು ಬಹುಕಾಲ ಕಾಯಿಸಿ ಪೊರೆಯನ್ನು ಕಳೆದರು. ಎರಡು ತಿಂಗಳ ಬಳಿಕ ಅಳತೆ ಪುನಃ ಆರಂಭವಾಯಿತು. ಮೇ ತಿಂಗಳಿನಲ್ಲಿ ನೋಡುವಾಗ ಲೆಕ್ಕಗಳೆಲ್ಲ ಬದಲಾಗಿದ್ದುವು! ಕೆಲವು ದಿಕ್ಕುಗಳಲ್ಲಿ ಎಲೆಕ್ಟ್ರಾನುಗಳು ಗುಂಪಾಗಿ ಬರುತ್ತಿದ್ದುವು, ಕೆಲವು ದಿಕ್ಕುಗಳಲ್ಲಿ ವಿರಳವಾಗಿ. ಕೊಳವೆಯನ್ನು ಕತ್ತರಿಸಿ ಪರೀಕ್ಷಿಸಿದಾಗ ಕಾರಣ ತಿಳಿಯಿತು. ಮೊದಲು ಅಸಂಖ್ಯ ಪುಟ್ಟ ಹರಳುಗಳ ಮುದ್ದೆಯಾಗಿದ್ದ ನಿಕಲ್ ದೀರ್ಘ ತಾಪದಿಂದ ಕೆಲವೇ ದೊಡ್ಡ ಸ್ಫಟಿಕಗಳಾಗಿ ಮಾರ್ಪಟ್ಟಿತ್ತು. ಅದರ ಪರಮಾಣುಗಳು ಸಾಲುಸಾಲಾಗಿ ನಿಂತಿದ್ದುವು.

ಆದರೆ ಇದರ ಅರ್ಥವೇನು? ಉತ್ತರ ದೊರೆತದ್ದು ಸಮುದ್ರದಾಚೆ. 1926ರ ಬೇಸಗೆಯಲ್ಲಿ ಡೇವಿಸನ್ ದಂಪತಿಗಳು ವಿರಾಮಕ್ಕಾಗಿ ಇಂಗ್ಲೆಂಡಿಗೆ ತೆರಳಿದ್ದರು. ಆಕ್ಸ್‌ಫರ್ಡಿನ ವಿಜ್ಞಾನಸಭೆಯಲ್ಲಿ ಜರ್ಮನಿಯ ಮಾಕ್ಸ್ ಬಾರ್ನರ ಭಾಷಣ ಕೇಳುತ್ತ ಕುಳಿತಾಗ, ತಮ್ಮ ಹಳೆಯ ಅಳತೆಗಳನ್ನೇ ಎಲೆಕ್ಟ್ರಾನ್ ಅಲೆಗಳಿಗೆ ಸಾಕ್ಷಿಯೆಂದು ಉದಾಹರಿಸುವುದನ್ನು ಕೇಳಿ ಡೇವಿಸನ್ನರು ಬೆರಗಾದರು. ಚಲಿಸುವ ಕಣಗಳಿಗೂ ತರಂಗಗುಣವಿರಬೇಕೆಂದು ಫ್ರಾನ್ಸಿನ ಲೂಯಿ ದ ಬ್ರಾಯ್ 1924ರಲ್ಲಿ ಪ್ರತಿಪಾದಿಸಿದ್ದರು. ಮರಳುವಾಗ ಹಡಗಿನಲ್ಲಿಯೇ ಡೇವಿಸನ್ನರು ಶ್ರೋಡಿಂಗರರ ಹೊಸ ಪ್ರಬಂಧಗಳನ್ನು ಹಿಡಿದು ಕುಳಿತರು.

ಬಳಿಕ ಒಂದೇ ಸ್ಫಟಿಕದ ನಿಕಲ್ ಸಿದ್ಧವಾಯಿತು. 1927ರ ಜನವರಿಯಲ್ಲಿ ಅರಸಿದ ಗುರುತು ಕಾಣಿಸಿತು. 54 ವೋಲ್ಟಿನಿಂದ ಹಾರಿಸಿದ ಎಲೆಕ್ಟ್ರಾನುಗಳು 50 ಡಿಗ್ರಿಯ ಕೋನದಲ್ಲಿ ವಿಶೇಷವಾಗಿ ಪುಟಿದುವು. ಅದರಿಂದ ಗುಣಿಸಿದ ಅಲೆಯ ಉದ್ದ 1.65 ಆಂಗ್‌ಸ್ಟ್ರಾಮ್, ದ ಬ್ರಾಯ್ ಸೂತ್ರದ ಪ್ರಕಾರ ಬರಬೇಕಾದುದು 1.67. ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲೊಂದು ಪಾಲೇ ಒಂದು ಆಂಗ್‌ಸ್ಟ್ರಾಮ್ ಎಂದರೆ ಈ ಹೊಂದಾಣಿಕೆಯ ಮಹತ್ವವನ್ನು ವಾಚಕರು ಊಹಿಸಬಹುದು.

ಅದೇ ಕಾಲದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿ ಜಾರ್ಜ್ ಥಾಮ್‌ಸನ್ನರು ತೆಳುವಾದ ಹಾಳೆಗಳ ಮೂಲಕ ಎಲೆಕ್ಟ್ರಾನುಗಳನ್ನು ಹಾಯಿಸಿ ಇದೇ ಸತ್ಯವನ್ನು ಕಂಡರು. 1937ರ ನೊಬೆಲ್ ಪಾರಿತೋಷಕವು ಇವರಿಬ್ಬರಿಗೂ ಸಂದಿತು. ಎಲೆಕ್ಟ್ರಾನನ್ನು ಕಣವೆಂದು ತೋರಿಸಿದವರು ಈ ಥಾಮ್‌ಸನ್ನರ ತಂದೆ. ಅಲೆಯೆಂದು ತೋರಿಸಿದವರಲ್ಲಿ ಮಗನೂ ಒಬ್ಬನಾದುದು ವಿಧಿಯ ವಿನೋದ. ಆದರೆ ಕೊಳವೆಯೆದುರು ಹಗಲಿರುಳು ಅಳತೆ ಮಾಡಿದ ಜರ್ಮರರಿಗೆ ಪಾರಿತೋಷಕದಲ್ಲಿ ಪಾಲು ಬರಲಿಲ್ಲ. ಈ ಕೊರತೆಯನ್ನು ಚರಿತ್ರೆ ಸ್ವಲ್ಪಮಟ್ಟಿಗೆ ತುಂಬಿದೆ. ಇಂದು ಪಠ್ಯಪುಸ್ತಕಗಳಲ್ಲಿ ಆ ಪ್ರಯೋಗಕ್ಕೆ ಡೇವಿಸನ್-ಜರ್ಮರ್ ಎಂದೇ ಹೆಸರು.

ಡೇವಿಸನ್ನರು 1946ರಲ್ಲಿ ಬೆಲ್ ಪ್ರಯೋಗಶಾಲೆಯಿಂದ ನಿವೃತ್ತರಾಗಿ, ಕೆಲಕಾಲ ವರ್ಜೀನಿಯಾ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, 1958ನೆಯ ಫೆಬ್ರವರಿ 1ರಂದು ಶಾರ್ಲಟ್ಸ್‌ವಿಲ್ ನಗರದಲ್ಲಿ ತೀರಿಕೊಂಡರು.

ಅವರು ತೆರೆದ ಬಾಗಿಲಿನಿಂದ ವಿಜ್ಞಾನವು ಬಹುದೂರ ಸಾಗಿದೆ. ನೀರು ತುಂಬಿದ ಲೋಟವನ್ನು ಬೆರಳಿನಿಂದ ತಟ್ಟಿದರೆ ನೀರಿನ ಮೇಲೆ ಬಳೆಬಳೆಯಾಗಿ ಅಲೆಗಳೇಳುವುದನ್ನು ನಾವೆಲ್ಲ ಕಂಡಿದ್ದೇವೆ. ಲೋಟದ ಗೋಡೆಯೇ ಅಲೆಗೆ ಬೇಲಿ. 1993ರಲ್ಲಿ ಕ್ಯಾಲಿಫೋರ್ನಿಯಾದ ಐಬಿಎಂ ಪ್ರಯೋಗಶಾಲೆಯವರು ತಾಮ್ರದ ಮೇಲ್ಮೈಯಲ್ಲಿ 48 ಕಬ್ಬಿಣದ ಪರಮಾಣುಗಳನ್ನು ಒಂದೊಂದಾಗಿ ಉಂಗುರದಂತೆ ನಿಲ್ಲಿಸಿದಾಗ, ಒಳಗೆ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಅದೇ ರೀತಿಯ ಬಳೆಗಳನ್ನು ಮೂಡಿಸಿದುವು. ಅನಂತರ ಇಂಥ ಬೇಲಿಗಳನ್ನು ಒಂದೊಂದಾಗಿ ಕಟ್ಟುವ ಶ್ರಮವೂ ಕಡಿಮೆಯಾಯಿತು. ತಕ್ಕ ಅಣುಗಳನ್ನು ತಾಮ್ರದ ಮೇಲೆ ಹರಡಿದರೆ ಅವು ತಾವಾಗಿ ಹೆಣೆದುಕೊಂಡು ಜೇನುಹುಟ್ಟಿನಂತೆ ಕಣ್ಣುಗಳ ಬಲೆಯಾಗುತ್ತವೆ. ಪ್ರತಿಯೊಂದು ಕಣ್ಣೂ ಎಲೆಕ್ಟ್ರಾನಿಗೆ ಒಂದು ಕೋಣೆ. ಇದನ್ನೇ ಕ್ವಾಂಟಂ ಚುಕ್ಕೆಯೆನ್ನುತ್ತಾರೆ. ಗೋಡೆ ಪೂರ್ಣ ಭದ್ರವಲ್ಲವಾದುದರಿಂದ ಅಲೆಯು ಅಲ್ಪಸ್ವಲ್ಪ ನೆರೆಯ ಕೋಣೆಗೂ ಸೋರಿ, ಕೋಣೆಗಳೆಲ್ಲ ಒಂದಕ್ಕೊಂದು ಸಂಬಂಧ ಬೆಳೆಸುತ್ತವೆಂದು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಕಣ್ಣಿನ ಅಗಲವನ್ನು ಬದಲಿಸಿಯೂ, ಒಳಗೆ ಕ್ಸೆನಾನ್ ಅನಿಲದ ಪರಮಾಣುಗಳನ್ನು ಕೂರಿಸಿಯೂ ಎಲೆಕ್ಟ್ರಾನಿನ ಶಕ್ತಿಯನ್ನು ಬೇಕಾದಂತೆ ಏರಿಳಿಸಬಹುದು.

ಎಲೆಕ್ಟ್ರಾನು ಬರಿಯ ಗೋಲಿಯಾಗಿದ್ದರೆ ಇದೊಂದೂ ಸಾಧ್ಯವಾಗುತ್ತಿರಲಿಲ್ಲ. ಬಣ್ಣ ಬಳಿಯುವವರ ಮನೆಯಲ್ಲಿ ಹುಟ್ಟಿ, ಎರಡು ಸಲ ಕಾಲೇಜು ಬಿಟ್ಟು, ಮತ್ತೆ ಮತ್ತೆ ಪುಸ್ತಕಕ್ಕೆ ಮರಳಿದ ಒಬ್ಬ ತಾಳ್ಮೆಯ ಮನುಷ್ಯನು ಒಡೆದ ಕೊಳವೆಯನ್ನು ಎಸೆಯದೆ ದುರಸ್ತಿ ಮಾಡಿದ. ಓದು ಅರ್ಧಕ್ಕೆ ನಿಂತಿತೆಂದು ಕೊರಗುವವರು ಇದನ್ನು ನೆನಪಿನಲ್ಲಿಡುವುದು ಒಳಿತು.