ಕುಕ್ಕರಿನ ತಾತ ಡೆನಿಸ್ ಪಾಪಿನ್



ಹೋದ ತಿಂಗಳು ನಮ್ಮ ಮನೆಯ ಕುಕ್ಕರಿನ ವೆಯ್ಟು ಕಳೆದುಹೋಯಿತು. ಮುಚ್ಚಳದ ಮೇಲೆ ಕೂತು ಸೀಟಿ ಹೊಡೆಯುತ್ತದಲ್ಲ, ಅದು. ನನ್ನ ತಮ್ಮ ಆಡಲು ಒಯ್ದಿದ್ದನೋ ಏನೋ, ಎಷ್ಟು ಹುಡುಕಿದರೂ ಸಿಗಲಿಲ್ಲ. ಅಂದು ಹೊಲಕ್ಕೆ ಆಳುಗಳು ಬರುವ ದಿನ, ಹುರುಳಿಕಾಳು ಬೇಗ ಬೇಯಬೇಕಿತ್ತು. ಅಮ್ಮ ಅವಸರದಲ್ಲಿ ಆ ತೂತಿಗೆ ಬಟ್ಟೆ ತುರುಕಿ, ಮೇಲೊಂದು ಕಲ್ಲು ಹೇರಲು ಹೊರಟಳು. ಅಜ್ಜಿ ಓಡಿ ಬಂದು ತಡೆದುಬಿಟ್ಟಳು. ಅಜ್ಜಿಗೆ ಮೊದಲಿನಿಂದಲೂ ಕುಕ್ಕರ್ ಅಂದರೆ ಭಯ. ಕೊನೆಗೆ ಕಾಳು ಪಾತ್ರೆಯಲ್ಲೇ ಬೆಂದಿತು, ಊಟ ಬಹಳ ತಡವಾಯಿತು. ಅಜ್ಜಿಯ ಹೆದರಿಕೆ ನೋಡಿ ನಾನು ಜೋರಾಗಿ ನಕ್ಕೆ.

ಮಾರನೇ ದಿನ ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರಿಗೆ ಹೇಳಿದೆ. ಅವರು ನಗಲಿಲ್ಲ. ನಿಮ್ಮಜ್ಜಿ ನಿಮ್ಮನ್ನೆಲ್ಲ ಉಳಿಸಿದರು ಅಂದುಬಿಟ್ಟರು. ಆಮೇಲೆ ಅವರು ಹೇಳಿದ್ದು, ನಾನು ಓದಿ ತಿಳಿದದ್ದು ಎರಡನ್ನೂ ಸೇರಿಸಿ ಈ ಮಹನೀಯನ ಕಥೆ ಬರೆಯುತ್ತಿದ್ದೇನೆ.

ಡೆನಿಸ್ ಪಾಪಿನ್ ಹುಟ್ಟಿದ್ದು 1647ರ ಆಗಸ್ಟ್ 22ರಂದು, ಫ್ರಾನ್ಸ್ ದೇಶದ ಬ್ಲಾ ಪಟ್ಟಣದ ಹತ್ತಿರ. ಓದಿದ್ದು ವೈದ್ಯಶಾಸ್ತ್ರ. ಆದರೆ ಅವನ ಮನಸ್ಸು ರೋಗಿಗಳ ಕಡೆಗಿಂತ ಯಂತ್ರಗಳ ಕಡೆಗೇ ಓಡುತ್ತಿತ್ತು. ಪ್ಯಾರಿಸ್ಸಿನಲ್ಲಿ ದೊಡ್ಡ ವಿಜ್ಞಾನಿ ಹೈಗೆನ್ಸ್ ಅವರಿಗೆ ಸಹಾಯಕನಾದ. ಅಲ್ಲಿ ಗಾಳಿಯನ್ನು ಹೊರಗೆಳೆಯುವ ಪಂಪಿನ ಪ್ರಯೋಗಗಳನ್ನು ಕಲಿತ. 1675ರಲ್ಲಿ ಲಂಡನ್ನಿಗೆ ಹೋಗಿ ರಾಬರ್ಟ್ ಬಾಯ್ಲ್ ಅವರ ಬಳಿ ದುಡಿದ. ನಮ್ಮ ಪಾಠದಲ್ಲಿ ಬರುವ ಬಾಯ್ಲ್‌ನ ನಿಯಮದ ಬಾಯ್ಲ್ ಇವರೇ!

ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಎಷ್ಟೇ ಸೌದೆ ಒಟ್ಟಿದರೂ ನೀರು ಅದಕ್ಕಿಂತ ಬಿಸಿಯಾಗದು, ಬರೀ ಹಬೆಯಾಗಿ ಹೋಗುತ್ತದೆ. ಇಡ್ಲಿ ಪಾತ್ರೆಯಲ್ಲೂ ಹಬೆ ಸಂದಿಯಿಂದ ಹೊರಬೀಳುತ್ತದೆ. ಹಬೆಯನ್ನು ಹೊರಗೆ ಬಿಡದೆ ಹಿಡಿದಿಟ್ಟರೆ? ಒಳಗೆ ಒತ್ತಡ ಏರುತ್ತದೆ, ನೀರು ಇನ್ನೂ ಹೆಚ್ಚು ಬಿಸಿಯಾದ ಮೇಲೆಯೇ ಕುದಿಯುತ್ತದೆ. ನಮ್ಮ ಕುಕ್ಕರಿನಲ್ಲಿ ಸುಮಾರು 120 ಡಿಗ್ರಿ ಮುಟ್ಟುತ್ತದೆ. ಅದಕ್ಕೇ ಹುರುಳಿ ಬೇಗ ಬೇಯುವುದು.

1679ರಲ್ಲಿ ಪಾಪಿನ್ ಇದನ್ನೇ ಮಾಡಿದ. ದಪ್ಪ ಲೋಹದ ಪಾತ್ರೆಗೆ ತಿರುಪಿನಿಂದ ಬಿಗಿಯುವ ಮುಚ್ಚಳ ಹಾಕಿ, ಗಟ್ಟಿ ಮೂಳೆಗಳನ್ನೂ ಮೆತ್ತಗೆ ಬೇಯಿಸಿದ. ಬಿಸಾಡುವ ಮೂಳೆಯೂ ಬಡವರಿಗೆ ಆಹಾರವಾಗಲಿ, ಇದ್ದಿಲೂ ಉಳಿಯಲಿ ಎಂಬುದು ಅವನ ಆಸೆ. ಒಳಗಿನ ಬಿಸಿ ತಿಳಿಯಲು ಮುಚ್ಚಳದ ಮೇಲೆ ಒಂದು ಹನಿ ನೀರು ಬಿಟ್ಟು, ಅದು ಆರಲು ಎಷ್ಟು ಹೊತ್ತು ಬೇಕು ಎಂದು ಲೋಲಕ ನೋಡಿ ಎಣಿಸುತ್ತಿದ್ದ. 1682ರ ಏಪ್ರಿಲ್ 12ರಂದು ರಾಯಲ್ ಸೊಸೈಟಿಯ ಸದಸ್ಯರಿಗೆ ಇಂಥ ಪಾತ್ರೆಗಳಲ್ಲೇ ಬೇಯಿಸಿದ ಊಟ ಬಡಿಸಲಾಯಿತು.

ಆದರೆ ಹಿಡಿದಿಟ್ಟ ಹಬೆ ಮಿತಿ ಮೀರಿದರೆ ಪಾತ್ರೆ ಬಾಂಬಿನಂತೆ ಸಿಡಿಯುತ್ತದೆ. ಪಾಪಿನ್ ಆ ಭಯವನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಮುಚ್ಚಳಕ್ಕೊಂದು ತೂತು, ತೂತಿಗೊಂದು ಬಿರಡೆ, ಬಿರಡೆಯನ್ನು ಒತ್ತಿ ಹಿಡಿಯಲು ಒಂದು ಸನ್ನೆಕೋಲು, ಅದರ ತುದಿಗೆ ಅಳತೆಯ ತೂಕ. ಒತ್ತಡ ಆ ತೂಕವನ್ನು ಮೀರಿದ ಕೂಡಲೇ ಬಿರಡೆ ಎದ್ದು ಹಬೆ ಹೊರಹೋಗುತ್ತದೆ. ಇದೇ ರಕ್ಷಣಾ ಕವಾಟ. ನಾನು ಆಟದ ಸಾಮಾನು ಅಂದುಕೊಂಡಿದ್ದ ವೆಯ್ಟು ಇದರ ಮೊಮ್ಮಗು!

ಆ ಬಿರಡೆ ಏಳುವುದನ್ನು ನೋಡಿದವನಿಗೆ ಹಬೆಗೆ ಎತ್ತುವ ಶಕ್ತಿ ಇದೆಯೆಂದು ಯಾರೂ ಹೇಳಿಕೊಡಬೇಕಿಲ್ಲ. 1690ರಲ್ಲಿ ಅವನು ಕೊಳವೆಯೊಳಗೆ ಹಬೆಯಿಂದ ಕೊಂತವನ್ನು ಮೇಲಕ್ಕೆತ್ತಿಸಿ, ಹಬೆ ತಣಿದಾಗ ಹೊರಗಿನ ಗಾಳಿಯ ಒತ್ತಡದಿಂದ ಕೆಳಗಿಳಿಯುವ ಸಣ್ಣ ಯಂತ್ರದ ವಿವರ ಪ್ರಕಟಿಸಿದ. 1712ರಲ್ಲಿ ಇಂಗ್ಲೆಂಡಿನ ನ್ಯೂಕಾಮನ್ ಗಣಿಯ ನೀರೆತ್ತಲು ನಿಲ್ಲಿಸಿದ ದೊಡ್ಡ ಯಂತ್ರ ನಡೆದದ್ದೂ ಇಂಥ ತತ್ವದಿಂದಲೇ.

ಇಷ್ಟೆಲ್ಲ ಮಾಡಿದರೂ ಪಾಪಿನ್ ಸುಖ ಕಾಣಲಿಲ್ಲ. ಅವನು ಪ್ರಾಟೆಸ್ಟಂಟ್ ಪಂಥದವನು. 1685ರಲ್ಲಿ ಫ್ರಾನ್ಸಿನ ದೊರೆ ಆ ಪಂಥದವರ ಸ್ವಾತಂತ್ರ್ಯ ಕಿತ್ತುಕೊಂಡದ್ದರಿಂದ ಹುಟ್ಟಿದೂರಿನ ಬಾಗಿಲು ಮುಚ್ಚಿತು. ಜರ್ಮನಿಯ ಮಾರ್ಬರ್ಗಿನಲ್ಲಿ ಗಣಿತದ ಪ್ರಾಧ್ಯಾಪಕನಾದ, ನಂತರ ಕಾಸೆಲ್ ಸೇರಿದ. 1707ರಲ್ಲಿ ಚಕ್ರ ಜೋಡಿಸಿದ ದೋಣಿ ಕಟ್ಟಿಸಿ, ಸಂಸಾರ ಸಮೇತ ಫುಲ್ಡಾ ನದಿಯಲ್ಲಿ ಹೊರಟ. ಕೆಲವರು ಅದನ್ನು ಹಬೆದೋಣಿ ಎಂದು ಬರೆದಿದ್ದಾರೆ, ಆದರೆ ಅದರಲ್ಲಿ ಹಬೆಯಂತ್ರ ಇರಲಿಲ್ಲ. ದಾರಿಯಲ್ಲಿ ಮುಂಡೆನ್ ಊರಿನ ದೋಣಿಗಾರರು, ನದಿಯಲ್ಲಿ ಸಾಗುವ ಹಕ್ಕು ತಮ್ಮದೆಂದು ಅದನ್ನು ಒಡೆದು ಹಾಕಿದರು.

ಬರಿಗೈಯಲ್ಲಿ ಲಂಡನ್ ಸೇರಿದ. ಬಾಯ್ಲ್, ಹೈಗೆನ್ಸ್ ಇಬ್ಬರೂ ತೀರಿಕೊಂಡಿದ್ದರು. ಪ್ರಯೋಗಕ್ಕೆ ಹಣ ಬೇಡಿದರೂ ರಾಯಲ್ ಸೊಸೈಟಿ ಕೊಡಲಿಲ್ಲ. ನಮಗೆ ಸಿಕ್ಕಿರುವ ಅವನ ಕೊನೆಯ ಪತ್ರ 1712ರ ಜನವರಿಯದು, ಬಡತನದ ಪತ್ರ. ಅವನು ಎಲ್ಲಿ ತೀರಿಕೊಂಡ ಎಂಬುದು ಸುಮಾರು 300 ವರ್ಷ ಯಾರಿಗೂ ಗೊತ್ತಿರಲಿಲ್ಲ. 2016ರಲ್ಲಿ ಹಳೆಯ ದಾಖಲೆಯೊಂದು ಸಿಕ್ಕಿತು: 1713ರ ಆಗಸ್ಟ್ 26ರಂದು ಲಂಡನ್ನಿನ ಸೇಂಟ್ ಬ್ರೈಡ್ಸ್ ಚರ್ಚಿನಲ್ಲಿ ಅವನನ್ನು ಮಣ್ಣು ಮಾಡಿದ್ದರು. 66 ತುಂಬಿ ನಾಲ್ಕೇ ದಿನವಾಗಿತ್ತು.

ಈ ಕಥೆಯನ್ನು ಅಜ್ಜಿಗೆ ಹೇಳಿ, ನಕ್ಕದ್ದು ತಪ್ಪಾಯಿತು ಅಂದೆ. ಅವಳು ಪಾಪಿನ್ನನಿಗೆ ಮಕ್ಕಳಿದ್ದರಾ ಎಂದು ಕೇಳಿ ಸುಮ್ಮನಾದಳು. ಸಂತೆಯಿಂದ ನಮ್ಮ ಕುಕ್ಕರಿಗೆ ಸರಿಯಾದ ವೆಯ್ಟು ತಂದಿದ್ದೇವೆ. ಒಲೆಯ ಮೇಲಿಡುವ ಮೊದಲು ತೂತಿನಲ್ಲಿ ಕಾಳಿನ ಸಿಪ್ಪೆ ಸಿಕ್ಕಿದೆಯಾ ಎಂದು ಬೆಳಕಿಗೆ ಹಿಡಿದು ನೋಡುವುದು ಈಗ ನನ್ನ ಕೆಲಸ. ಗೆಳೆಯರೆ, ನೀವೂ ನೋಡಿ. ಮುಂದಿನ ಸಲ ಸೀಟಿ ಕೇಳಿದಾಗ ಆ ಬಡ ವಿಜ್ಞಾನಿಯನ್ನು ಒಮ್ಮೆ ನೆನೆಯಿರಿ.

– ಎಂಟನೇ ತರಗತಿಯ ವಿದ್ಯಾರ್ಥಿನಿ