ಶಬ್ದಭಂಡಾರವನ್ನು ಕಟ್ಟಿದ ವೈದ್ಯರು

ಇಂಗ್ಲಿಷ್ ಕಲಿಯುವ ನಮ್ಮ ಹುಡುಗರು ಉಪಾಧ್ಯಾಯರನ್ನು ಪದೇ ಪದೇ ಕೇಳುವ ಮಾತು ಒಂದುಂಟು: ಈ ಶಬ್ದಕ್ಕೆ ಸಮಾನವಾದ ಬೇರೆ ಶಬ್ದವು ಯಾವುದು? ಇದೇ ಪ್ರಶ್ನೆಯನ್ನು ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಬ್ಬ ವೈದ್ಯರ ಚರಿತ್ರೆಯನ್ನು ಪ್ರಿಯ ವಾಚಕರ ಮುಂದಿಡುತ್ತೇವೆ.

ಪೀಟರ್ ಮಾರ್ಕ್ ರೋಜೆಯವರು 1779ನೇ ಇಸವಿ ಜನವರಿ 18ರಂದು ಲಂಡನಿನಲ್ಲಿ ಹುಟ್ಟಿದರು. ಜಿನೀವಾ ಪಟ್ಟಣದವರಾದ ಅವರ ತಂದೆಯು ಲಂಡನಿನ ಫ್ರೆಂಚ್ ಪ್ರೊಟೆಸ್ಟಂಟ್ ಸಭೆಯ ಬೋಧಕರಾಗಿದ್ದರು. ಮಗನಿಗೆ ನಾಲ್ಕು ವರುಷವಾಗಿರುವಾಗಲೇ ತಂದೆಯು ಕ್ಷಯರೋಗದಿಂದ ತೀರಿಹೋದರು. ಬುದ್ಧಿವಂತನಾದ ಬಾಲಕನು ಎಡಿನ್‌ಬರೋ ನಗರದಲ್ಲಿ ಓದಿ 19ನೆಯ ವಯಸ್ಸಿನಲ್ಲೇ ವೈದ್ಯಪದವಿಯನ್ನು ಹೊಂದಿದನು.

1803ರಲ್ಲಿ ಅವರು ಒಬ್ಬ ವರ್ತಕನ ಇಬ್ಬರು ಮಕ್ಕಳಿಗೆ ಉಪಾಧ್ಯಾಯರಾಗಿ ಜಿನೀವಾದಲ್ಲಿದ್ದಾಗ ಯುದ್ಧವು ಪುನಃ ಹುಟ್ಟಿತು. ನೆಪೋಲಿಯನನು ತನ್ನ ಸೀಮೆಯಲ್ಲಿದ್ದ ಆಂಗ್ಲರನ್ನು ಸೆರೆಹಿಡಿಯಬೇಕೆಂದು ಆಜ್ಞಾಪಿಸಿದನು. ಆಗ ರೋಜೆಯವರು ತೀರಿಹೋದ ತಂದೆಯ ಹೆಸರಿನಿಂದ ತಾವು ಜಿನೀವಾದ ಪ್ರಜೆಯೆಂದು ಸಾಧಿಸಿ, ಹುಡುಗರೊಂದಿಗೆ ತಪ್ಪಿಸಿಕೊಂಡು ಬಂದರು.

ಆ ಮೇಲೆ ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದು, 1805ರಲ್ಲಿ ಅವರು ಒಂದು ಚಿಕ್ಕ ಶಬ್ದಪಟ್ಟಿಯನ್ನು ಬರೆದು ಮುಗಿಸಿದರು. ಅಕ್ಷರಕ್ರಮದಿಂದಲ್ಲ, ಅರ್ಥಕ್ರಮದಿಂದ. ಅದು ಲೋಕಕ್ಕಾಗಿ ಬರೆದದ್ದಲ್ಲ. ಬರೆಯುವಾಗ ತಮಗೆ ತಕ್ಕ ಶಬ್ದವು ಒದಗುವದಿಲ್ಲವೆಂಬ ಸ್ವಂತ ಕೊರತೆಯನ್ನು ನೀಗಿಸಿಕೊಳ್ಳುವದಕ್ಕಾಗಿಯೇ. ಇಷ್ಟು ಕಲಿತವರಿಗೂ ಶಬ್ದದ ಬಡತನವಿತ್ತೆಂಬದು ನಮ್ಮ ವಿದ್ಯಾರ್ಥಿಗಳಿಗೆ ಧೈರ್ಯ ಕೊಡತಕ್ಕ ಸಂಗತಿಯೇ ಸರಿ.

1808ರಲ್ಲಿ ಅವರು ಲಂಡನಿಗೆ ಬಂದು ನೆಲಸಿದರು. ಗಣಿತಕ್ಕೆ ಅನುಕೂಲವಾದ ಒಂದು ಅಳತೆಪಟ್ಟಿಯನ್ನು ಕಂಡುಹಿಡಿದರು. 1827ರಿಂದ 1848ರ ವರೆಗೆ ರಾಯಲ್ ಸೊಸೈಟಿ ಎಂಬ ವಿದ್ವತ್ಸಭೆಯ ಕಾರ್ಯದರ್ಶಿಯಾಗಿದ್ದರು. ಮನೆಯಲ್ಲಿ ಮಾತ್ರ ದುಃಖವು ಬಿಡಲಿಲ್ಲ. ತಂದೆಯಿಲ್ಲದ ಅವರಿಗೆ ಆಸರೆಯಾಗಿದ್ದ ಸೋದರಮಾವ ಸರ್ ಸ್ಯಾಮುಯೆಲ್ ರೊಮಿಲಿಯವರು, ಅಲ್ಪ ಕಳವಿಗೂ ಗಲ್ಲಿಗೇರಿಸುವ ಕಾನೂನುಗಳ ವಿರುದ್ಧ ಹೋರಾಡಿದ ಮಹನೀಯರು. 1818ರಲ್ಲಿ ಪತ್ನಿಯು ಸತ್ತ ಕೆಲವೇ ದಿವಸಗಳಲ್ಲಿ, ಆ ದುಃಖವನ್ನು ತಾಳಲಾರದೆ, ಅವರು ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡರು. ಆಗ ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯರು ಈ ಅಳಿಯನೇ. 1833ರಲ್ಲಿ ರೋಜೆಯವರ ಸ್ವಂತ ಪತ್ನಿಯೂ ಇಬ್ಬರು ಮಕ್ಕಳನ್ನು ಬಿಟ್ಟು ಕ್ಯಾನ್ಸರಿನಿಂದ ತೀರಿಹೋದರು. ಹೀಗೆ ಚದರಿದ ಬಾಳಿನಲ್ಲಿ ಶಬ್ದಗಳನ್ನಾದರೂ ಅವುಗಳ ನೆಲೆಯಲ್ಲಿ ನಿಲ್ಲಿಸುವದು ಅವರಿಗೆ ಸಮಾಧಾನ ಕೊಟ್ಟಿದ್ದೀತೆಂದು ನಮಗೆ ತೋರುತ್ತದೆ.

ಕೆಲಸದಿಂದ ಬಿಡುವಾದ ಮೇಲೆ, 1849ರಲ್ಲಿ, ಎಪ್ಪತ್ತು ವರುಷದ ವೃದ್ಧರು ಆ ಹಳೆಯ ಪಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡರು. 1852ರಲ್ಲಿ ಗ್ರಂಥವು ಅಚ್ಚಾಯಿತು. ಅದರ ಹೆಸರು ಥೆಸಾರಸ್. ಗ್ರೀಕ್ ಮೂಲದ ಆ ಶಬ್ದಕ್ಕೆ ಭಂಡಾರವೆಂದರ್ಥ. ಆರು ವರ್ಗಗಳು, ಒಂದು ಸಾವಿರ ಶೀರ್ಷಿಕೆಗಳು. ಮೊದಲನೆಯದು ಇರುವಿಕೆ, ಸಾವಿರನೆಯದು ದೇವಾಲಯ. ಒಂದು ಭಾವನೆಯ ಎದುರಿಗೇ ಅದರ ವಿರುದ್ಧ ಭಾವನೆಯು ನಿಂತಿರುತ್ತದೆ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಬಾಯಿಪಾಠ ಮಾಡುತ್ತಿದ್ದ ಅಮರಕೋಶವೂ ಅರ್ಥಕ್ರಮದ್ದೇ. 1808ರಲ್ಲಿ ಸಿರಾಂಪುರದಲ್ಲಿ ಅಚ್ಚಾದ ಅದರ ಇಂಗ್ಲಿಷ್ ಭಾಷಾಂತರವನ್ನು ರೋಜೆಯವರು ತಮ್ಮ ಪೀಠಿಕೆಯಲ್ಲಿ ಹೆಸರಿಸಿ, ಇಂಥ ಪ್ರಯತ್ನಗಳಲ್ಲಿ ಅದೇ ಅತಿ ಹಳೆಯದೆಂದು ಒಪ್ಪಿದ್ದಾರೆ. ಅದರ ವಿಂಗಡಣೆಯನ್ನು ಮಾತ್ರ ಮೆಚ್ಚಲಿಲ್ಲ.

ಒಂದು ವಿಷಯವನ್ನು ಕಲಿಯುವವರು ಮರೆಯಬಾರದು. ಈ ಭಂಡಾರದಲ್ಲಿ ಶಬ್ದಗಳುಂಟು, ಅರ್ಥವಿವರಣೆಯಿಲ್ಲ. ಭಾಷೆಯನ್ನು ಆಗಲೇ ಬಲ್ಲವರಿಗಾಗಿ ಅದು ಹುಟ್ಟಿತು. ಸೋನೆ, ತುಂತುರು, ಜಡಿ, ಬಿರುಮಳೆ ಇವೆಲ್ಲವೂ ಮಳೆಯೇ. ಆದರೂ ಬಿತ್ತುವ ರೈತನು ಒಂದರ ಬದಲಿಗೆ ಇನ್ನೊಂದನ್ನು ಹೇಳುವದಿಲ್ಲ. ‘ಓಲ್ಡ್’ ಎಂಬದರ ಹತ್ತಿರ ‘ಆಂಟೀಕ್’ ಎಂಬದನ್ನು ಕಂಡು ಹುಡುಗನು ತನ್ನ ಅಜ್ಜಿಗೆ ಆ ಹೆಸರಿಟ್ಟರೆ, ಅವನು ಆಕೆಯನ್ನು ಹಳೆಯ ಪೆಟ್ಟಿಗೆ ಕುರ್ಚಿಗಳ ಸಾಲಿಗೆ ಸೇರಿಸಿದ ಹಾಗಾಗುವದು. ಆದದರಿಂದ ಪಕ್ಕದಲ್ಲಿ ಅರ್ಥಕೋಶವೂ ಇರಬೇಕು.

ಗ್ರಂಥವು ಕರ್ತೃವಿನ ಜೀವಕಾಲದಲ್ಲೇ 25ಕ್ಕೂ ಹೆಚ್ಚು ಸಲ ಅಚ್ಚಾಯಿತು. ರೋಜೆಯವರು 1869ನೇ ಇಸವಿ ಸೆಪ್ಟೆಂಬರ್ 12ರಂದು, 90ನೆಯ ವಯಸ್ಸಿನಲ್ಲಿ, ವೆಸ್ಟ್ ಮಾಲ್ವರ್ನ್ ಎಂಬಲ್ಲಿ ಕಾಲವಾದರು. ಅವರ ಸ್ವಂತ ಪ್ರತಿಯ ಅಂಚುಗಳಲ್ಲಿ ಹೊಸ ಶಬ್ದಗಳು ತುಂಬಿದ್ದವು. ಮಗನು ಅವುಗಳನ್ನು ಸೇರಿಸಿ 1879ರಲ್ಲಿ ಗ್ರಂಥವನ್ನು ವಿಸ್ತರಿಸಿದನು; ಅವನ ತರುವಾಯ ಮೊಮ್ಮಗನು ಆ ಕೆಲಸವನ್ನು ವಹಿಸಿಕೊಂಡನು.